ಪುಷ್ಪಮ್ಮ ಟೀಚರ್ ಚಾರ್ಜ್ ಕೊಟ್ಟಿದ್ದು

ಕಾರ್ಗಲ್ಲಿನ ಅಂಗನವಾಡಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಟೀಚರಾಗಿದ್ದ ಪುಷ್ಪಮ್ಮನಿಗೆ ಯಾವ ತರಬೇತಿಯಲ್ಲೂ ಕಲಿಸದ ಒಂದು ವಿದ್ಯೆ ಗೊತ್ತಿತ್ತು. ಮಗುವಿನ ಬದುಕಿನಲ್ಲಿ ನಾಳೆ ಏನು ಬರಲಿದೆಯೋ ಅದನ್ನು ಇವತ್ತೇ ಆಟ ಆಡಿಸಿಬಿಡುವುದು. ಮನೆಗೆ ತಮ್ಮನೋ ತಂಗಿಯೋ ಬರುವುದಿದ್ದರೆ ಚೊಂಬಿಗೆ ಟವೆಲ್ ಸುತ್ತಿ ತೊಡೆಯ ಮೇಲಿಟ್ಟು, "ಕೂಸು ಅಳ್ತಾ ಉಂಟು, ಅಣ್ಣ ಆದವ್ನು ಎಂತ ಮಾಡ್ಬೇಕು?" ಎಂದು ಕೇಳುವಳು. ಜವಳ ತೆಗೆಸಲು ಹೊರಟ ಮಗುವಿಗೆ ಮೊದಲು ಬಾಚಣಿಗೆಯ ಬೆನ್ನಿನಿಂದ ಟೀಚರ್ ತಲೆಯನ್ನೇ ಬೋಳಿಸಲು ಬಿಡುವಳು. ಇಂಜೆಕ್ಷನ್ ಆಟದಲ್ಲಿ ಒಮ್ಮೆ ಸಹಾಯಕಿ ಬೆಳ್ಳಮ್ಮ ರೋಗಿಯಾಗಿ ಎಷ್ಟು ಚೆನ್ನಾಗಿ ಚೀರಿದಳೆಂದರೆ ಮಕ್ಕಳೆಲ್ಲ ಹೊರಗೆ ಓಡಿಹೋಗಿ, ಅವತ್ತಿನ ನಿಜವಾದ ಲಸಿಕೆ ಕಾರ್ಯಕ್ರಮವೇ ಕೆಟ್ಟಿತು. ಬೆಳ್ಳಮ್ಮನಿಗೆ ಅಂದಿನಿಂದ ಬರೀ ಮಾತಿಲ್ಲದ ಪಾತ್ರಗಳು.

ಎಲ್ಲಕ್ಕಿಂತ ಹೆಚ್ಚು ಆಡಿದ್ದು ವರ್ಗದ ಲಾರಿ ಆಟ. ಕಾರ್ಗಲ್ ಅಂದರೆ ಲಿಂಗನಮಕ್ಕಿ ಡ್ಯಾಮಿನ ನೌಕರರ ಕ್ವಾರ್ಟರ್ಸಿನ ಊರು. ಇವತ್ತು ಪಕ್ಕದ ಮನೆಯಲ್ಲಿದ್ದವರು ನಾಳೆ ಇನ್ನೆಲ್ಲಿಗೋ ವರ್ಗ. ಹೋಗುವ ಮಗುವಿಗಾಗಿ ಬೆಂಚುಗಳನ್ನು ಜೋಡಿಸಿ ಲಾರಿ ಮಾಡುವರು. ಮಗು ತನಗೆ ಬೇಕಾದ್ದನ್ನೆಲ್ಲ ಅದರಲ್ಲಿ ತುಂಬಬೇಕು. ಒಬ್ಬ ಹುಡುಗ ಬೆಳ್ಳಮ್ಮನನ್ನೇ ಕೈ ಹಿಡಿದು ಲಾರಿಗೆ ಹತ್ತಿಸಿದ್ದ; ಅವಳು ಅಡಿಗೆ ಬಿಟ್ಟು ಅರ್ಧ ಗಂಟೆ ಲಾರಿಯಲ್ಲಿ ಕೂತಿದ್ದಳು. ಹೀಗೆ ಆಡಿಹೋದ ಮಕ್ಕಳು ಹೊಸ ಊರಿನಲ್ಲಿ ಕಡಿಮೆ ಅಳುತ್ತಾರೆಂದು ತಾಯಂದಿರು ಫೋನ್ ಮಾಡಿ ಹೇಳುತ್ತಿದ್ದರು. ದಿನಚರಿ ಪುಸ್ತಕದಲ್ಲಿ ಪುಷ್ಪಮ್ಮ ಇದಕ್ಕೆಲ್ಲ ಬರೆಯುತ್ತಿದ್ದುದು ಒಂದೇ ಪದ, "ಆಟ". ಮೇಲ್ವಿಚಾರಕಿ ಮೇಡಂ ಬಂದಾಗ, "ಎಂಥಾ ಆಟ ಅಂತ ಬರೀಬಾರ್ದಾ?" ಎಂದರೆ, "ಬರೆದ್ರೆ ನೀವು ಅದಕ್ಕೂ ಒಂದು ಫಾರಂ ಕಳಿಸ್ತೀರಿ ಮೇಡಂ" ಎಂದು ನಗುವಳು.

ಹೀಗೆ ಊರ ಮಕ್ಕಳನ್ನೆಲ್ಲ ಕಳಿಸಿಕೊಟ್ಟವಳಿಗೆ ಈ ಫೆಬ್ರವರಿಯಲ್ಲಿ ಅರವತ್ತು ತುಂಬಿತು. ಇಪ್ಪತ್ತೆಂಟನೇ ತಾರೀಕು ಶನಿವಾರ ನಿವೃತ್ತಿ. ಈ ಸಲ ಲಾರಿ ಹತ್ತಬೇಕಾದವಳು ತಾನೇ ಎಂಬುದನ್ನು ಅವಳು ತಿಂಗಳಿಡೀ ಯಾರಿಗೂ ಹೇಳದೆ ನುಂಗಿಕೊಂಡಿದ್ದಳು. ನಿಜ ಹೇಳಬೇಕೆಂದರೆ ಅವಳಿಗೆ ಹೆದರಿಕೆ. ಹೆದರಿಕೆ ತನ್ನ ಬಗ್ಗೆ ಅಲ್ಲ, ಅಪೂರ್ವಾಳ ಬಗ್ಗೆ.

ಅಪೂರ್ವಾಗೆ ನಾಲ್ಕು ವರ್ಷ. ಪವರ್‌ಹೌಸಿನ ಆಪರೇಟರ್ ಜಿನಚಂದ್ರನ ಒಬ್ಬಳೇ ಮಗಳು. ಕಳೆದ ಜೂನಿನಲ್ಲಿ ಬಂದವಳು ಮೂರು ತಿಂಗಳು ಬಾಗಿಲ ಹತ್ತಿರದ ಮೂಲೆ ಬಿಟ್ಟು ಏಳಲಿಲ್ಲ. ನಾಲ್ಕನೇ ತಿಂಗಳು ಒಂದು ಮಧ್ಯಾಹ್ನ ಎದ್ದು ಬಂದು, ಪುಷ್ಪಮ್ಮನ ಸೀರೆಯ ಸೆರಗಿನ ತುದಿ ಮುಷ್ಟಿಯಲ್ಲಿ ಹಿಡಿದುಕೊಂಡು ಮಲಗಿತು ಮಗು. ಅಂದಿನಿಂದ ಸೆರಗು ಸಿಕ್ಕಿದರೆ ಊಟ, ಸೆರಗು ಸಿಕ್ಕಿದರೆ ನಿದ್ರೆ. ಆಮೇಲೆ ಮಾತು ಶುರುವಾಯಿತು ನೋಡಿ, ನಿಲ್ಲಿಸುವವರು ಯಾರೂ ಇರಲಿಲ್ಲ. ಮಗಳು ನೆಲೆ ನಿಂತಳೆಂಬ ಧೈರ್ಯದ ಮೇಲೆ ತಾಯಿ ಪದ್ಮಲತಾ ಸಾಗರದ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಫಾರ್ಮಸಿ ಓದಿ ಐದು ವರ್ಷ ಮನೆಯಲ್ಲೇ ಕೂತಿದ್ದ ಹೆಂಗಸು. ಬೆಳಿಗ್ಗೆ ಬಸ್ಸು ಹತ್ತುವಾಗ ಅವಳ ಮುಖದಲ್ಲಿ ಇದ್ದ ಕಳೆಯನ್ನು ಪುಷ್ಪಮ್ಮ ಕಂಡಿದ್ದಳು. ಅಪೂರ್ವಾ ಮತ್ತೆ ಮೂಲೆ ಸೇರಿದರೆ ಆ ಕಳೆಯೂ ಹೋಗುತ್ತದೆ, ಕೆಲಸವೂ ಹೋಗುತ್ತದೆ.

ಹದಿನಾರರ ಸೋಮವಾರ ಪುಷ್ಪಮ್ಮ ಗಟ್ಟಿ ಮನಸ್ಸು ಮಾಡಿ ಆಟ ಹೂಡಿದಳು. ಬೆಂಚು ಜೋಡಿಸಿ ಬಸ್ಸಾಯಿತು. ಬೆಳ್ಳಮ್ಮ ಮಾತಿಲ್ಲದ ಕಂಡಕ್ಟರು.

"ಪುಷ್ಪಮ್ಮ ಟೀಚರ್‌ಗೆ ವಯಸ್ಸಾಯ್ತು. ಟೀಚರ್ ಬಸ್ ಹತ್ತಿ ಮನೇಗೆ ಹೋಗ್ತಾರೆ. ಎಲ್ರೂ ಟಾಟಾ ಮಾಡಿ ನೋಡಣ!"

ಹದಿನೈದು ಮಕ್ಕಳು ಕುಣಿಯುತ್ತ ಟಾಟಾ ಮಾಡಿದವು. ಅಪೂರ್ವಾ ಮಾಡಲಿಲ್ಲ. ಎದ್ದುಹೋಗಿ ಬಾಗಿಲು ಮುಚ್ಚಿ, ಕೆಳಗಿನ ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ಕೂತಳು.

"ಹೋಗಂಗಿಲ್ಲ" ಎಂದಳು.

"ಯಾಕೆ ಪುಟ್ಟಿ?"

"ಯಾರೂ ಬಂದಿಲ್ಲ. ಹೋಗಂಗಿಲ್ಲ."

ಪುಷ್ಪಮ್ಮ ಇದನ್ನು ಹಟವೆಂದು ತಿಳಿದಳು. ಕಡಲೆಬೀಜದ ಚಿಕ್ಕಿ ಕೊಟ್ಟಳು, ಚಿಕ್ಕಿ ತಿಂದ ಮೇಲೂ ಚಿಲಕ ತೆಗೆಯಲಿಲ್ಲ. ಮರುದಿನ ಆಟ ಬದಲಿಸಿದಳು. ಪುಷ್ಪಮ್ಮ ಟೀಚರ್ ಹೋದ ಮೇಲೆ ಹೊಸ ಟೀಚರ್ ಬರುತ್ತಾರೆ, ಕೈಯಲ್ಲಿ ಬಲೂನು, ಬಾಯಲ್ಲಿ ಹಾಡು. ಹೊಸ ಟೀಚರಾಗಲು ಬೆಳ್ಳಮ್ಮ ಮಗಳ ಮದುವೆಯ ರೇಷ್ಮೆ ಸೀರೆ ಉಟ್ಟು ಬಂದಿದ್ದಳು, ಪಾಪ. ಪುಷ್ಪಮ್ಮ ಬೆಂಚಿನ ಬಸ್ಸು ಹತ್ತಿ ಹಿತ್ತಲ ಬಾಗಿಲಿಂದ ಹೊರಗೆ ಹೋದಳು. ರೇಷ್ಮೆ ಸೀರೆ ಮುಂದಿನ ಬಾಗಿಲಿಂದ ಒಳಗೆ ಬರುವಷ್ಟರಲ್ಲಿ ಅಪೂರ್ವಾಳ ಕಿರುಚಾಟ ರಸ್ತೆಯ ತನಕ ಕೇಳಿಸಿತು. ಅವತ್ತು ಅವಳು ಉಣ್ಣಲಿಲ್ಲ. ಮರುದಿನ ಬರಲೇ ಇಲ್ಲ. ಅದರ ಮರುದಿನವೂ ಇಲ್ಲ.

ಶುಕ್ರವಾರ ಪದ್ಮಲತಾ ಅಂಗನವಾಡಿಯ ಮೆಟ್ಟಿಲ ಮೇಲೆ ಬಂದು ನಿಂತಳು. ಕಣ್ಣು ಬಾತುಕೊಂಡಿತ್ತು.

"ಇವತ್ತಿಗೆ ಮೂರು ದಿನ ರಜೆ ಹಾಕಿದೀನಿ ಟೀಚರ್. ಅಂಗಡಿಯವ್ರು ಸೋಮವಾರ ಬರ್ಲಿಲ್ಲ ಅಂದ್ರೆ ಬೇರೆಯವ್ರನ್ನ ನೋಡ್ತೀವಿ ಅಂದ್ರು. ಇವ್ಳು ಮನೇಲಿ ಬಾಗಿಲ ಹತ್ರ ಕೂತ್ರೆ ಏಳಲ್ಲ. ಎಂತ ಮಾಡ್ಲಿ ಹೇಳಿ."

"ನಾನು ಸಂಜೆ ಬರ್ತೀನಿ ಮಾರಾಯ್ತಿ, ಅಳಬೇಡ" ಎಂದಳು ಪುಷ್ಪಮ್ಮ. ಹೇಳಿದಳೇ ಹೊರತು ಹೋಗಿ ಮಾಡುವುದೇನೆಂದು ಅವಳಿಗೂ ಗೊತ್ತಿರಲಿಲ್ಲ. ಮೂವತ್ತನಾಲ್ಕು ವರ್ಷದ ವಿದ್ಯೆ ಕೊನೆಯ ವಾರದಲ್ಲಿ ಕೈಕೊಟ್ಟಿತಲ್ಲ ಎಂದು ಅವಳಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಆ ಸಿಟ್ಟನ್ನು ಬೆಳ್ಳಮ್ಮನ ರೇಷ್ಮೆ ಸೀರೆಯ ಮೇಲೆ ತೀರಿಸಿಕೊಂಡದ್ದು ಅನ್ಯಾಯವೇ ಸರಿ.

ನಾಲ್ಕೂವರೆಗೆ ಅವಳು ಜಿನಚಂದ್ರನ ಕ್ವಾರ್ಟರ್ಸಿಗೆ ಹೋದಾಗ ಅಪೂರ್ವಾ ಹೊಸ್ತಿಲ ಮೇಲೆ ಕೂತಿದ್ದಳು. ಟೀಚರನ್ನು ನೋಡಿ ಮುಖ ತಿರುಗಿಸಿದಳು. ಪದ್ಮಲತಾ ಒಳಗಿಂದ ಚಹಾ ತಂದು ಕೊಡುವಾಗಲೇ ಗೇಟು ಸದ್ದಾಯಿತು. ಬೆಳಗಿನ ಆರರ ಪಾಳಿಗೆ ಹೋಗಿದ್ದ ಜಿನಚಂದ್ರ ಈಗ ಬರುತ್ತಿದ್ದ. ಎರಡಕ್ಕೇ ಬಿಡಬೇಕಿತ್ತು, ಮುಂದಿನ ಪಾಳಿಯ ವಿನೋದನ ಬೈಕು ಪಂಚರ್ ಆಗಿ ಅವನು ತಡವಾಗಿ ಬಂದಿದ್ದನಂತೆ. ಹಸಿದು ಸುಸ್ತಾದ ಮನುಷ್ಯ ಚಪ್ಪಲಿ ಬಿಡುವ ಮುಂಚೆ ಮಗಳು ಎದ್ದು ಅವನ ದಾರಿಗೆ ಅಡ್ಡ ನಿಂತಳು.

"ರಿಲೀವರ್ ಬಂದ್ರಾ?"

"ಬಂದ್ರು ಮಗಾ. ವಿನೋದ್ ಮಾಮ."

"ಬುಕ್ ಓದಿದ್ರಾ?"

"ಓದಿದ್ರು."

"ಸೈನ್ ಹಾಕಿದ್ರಾ?"

"ಹಾಕಿದ್ರು. ಎಲ್ಲಾ ನಾರ್ಮಲ್."

"ಹಂಗಾರೆ ನೀನು ಮನೆಗೆ ಬರ್ಬೋದು" ಎಂದು ಅಪೂರ್ವಾ ದಾರಿ ಬಿಟ್ಟಳು. ಜಿನಚಂದ್ರ ನಾಚಿಕೊಂಡು ನಕ್ಕ. "ದಿನಾ ಇದೇ ಟೀಚರ್. ಇವ್ಳ ಹತ್ರ ಪರ್ಮಿಶನ್ ತಗಂಡೇ ನಾನು ಒಳಗೆ ಬರೋದು."

ಪುಷ್ಪಮ್ಮನ ಕೈಯಲ್ಲಿದ್ದ ಚಹಾ ಆರಿಹೋಯಿತು. ಕೂಸು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ಅವಳು ಮಾಡಿದ್ದು ಅದನ್ನೇ. ಅವಳ ಗಂಡ ಮಂಜುನಾಥಪ್ಪನೂ ಅದೇ ಪವರ್‌ಹೌಸಿನಲ್ಲಿ ಮೂವತ್ತು ವರ್ಷ ಪಾಳಿ ಮಾಡಿ ನಿವೃತ್ತನಾದವನು. ಅಲ್ಲಿ ಒಂದು ನೇಮ. ನಿಮ್ಮ ಎಂಟು ಗಂಟೆ ಮುಗಿದರೂ, ಮನೆಗೆ ಬೆಂಕಿ ಬಿದ್ದಿದ್ದರೂ, ಮುಂದಿನ ಪಾಳಿಯ ರಿಲೀವರ್ ಬಂದು, ಲಾಗ್‌ಬುಕ್ ಓದಿ, ಸೈನು ಹಾಕಿ, "ನೀವಿನ್ನು ಹೊರಡಿ" ಅನ್ನುವ ತನಕ ಕುರ್ಚಿ ಬಿಡುವ ಹಾಗಿಲ್ಲ. ಯಂತ್ರದ ಮುಂದೆ ಕುರ್ಚಿ ಖಾಲಿ ಬೀಳಬಾರದು. ಈ ನೇಮದ ದೆಸೆಯಿಂದಲೇ ಮಂಜುನಾಥಪ್ಪ ಸ್ವಂತ ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಬರಲಾಗಲಿಲ್ಲ. ಅದಕ್ಕಾಗಿ ಪುಷ್ಪಮ್ಮ ಅವನ ಹತ್ತಿರ ವಾರಗಟ್ಟಲೆ ಮಾತು ಬಿಟ್ಟಿದ್ದಳು. ಅಂಥವಳು ಆಟದಲ್ಲಿ ಏನು ಮಾಡಿದ್ದಳು? ಮೊದಲ ದಿನ ಕುರ್ಚಿ ಖಾಲಿ ಬಿಟ್ಟು ಬಸ್ಸು ಹತ್ತಿದ್ದಳು. ಎರಡನೇ ದಿನ ಹೊಸಬರು ಬರುವ ಮೊದಲೇ ಹಿತ್ತಲಿಂದ ಜಾರಿಕೊಂಡಿದ್ದಳು. ಪವರ್‌ಹೌಸಿನಲ್ಲಿ ಹಾಗೆ ಮಾಡಿದವನ ಕೆಲಸ ಅವತ್ತೇ ಹೋಗುತ್ತದೆ. ಪಾಳಿಯವನ ಮಗಳು ಬಾಗಿಲಿಗೆ ಚಿಲಕ ಹಾಕದೆ ಇನ್ನೇನು ಮಾಡಬೇಕು?

ಪುಷ್ಪಮ್ಮ ಹೊಸ್ತಿಲ ಹತ್ತಿರ ಕೂತು ಕೇಳಿದಳು, "ಪುಟ್ಟಿ, ನಂಗೂ ರಿಲೀವರ್ ಬಂದ್ರೆ?"

ಅಪೂರ್ವಾ ಅವಳ ಕಡೆ ತಿರುಗಿದಳು. "ಬುಕ್ ಇದ್ಯಾ ನಿಮ್ಮತ್ರ?"

"ಬರೀತೀನಿ."

"ಎಲ್ಲಾ ಬರೀಬೇಕು" ಎಂದಳು ಅಪೂರ್ವಾ, ತಾಕೀತು ಮಾಡುವ ಧ್ವನಿಯಲ್ಲಿ. ಸೋಮವಾರ ಬೆಳಿಗ್ಗೆ ಬುಕ್ ಎಷ್ಟು ಬರೆದಿದ್ದಾರೆ ಎಂದು ನೋಡಲಿಕ್ಕೆ ಅವಳು ತಾನಾಗಿಯೇ ಅಂಗನವಾಡಿಗೆ ಬಂದಳು. ಪದ್ಮಲತಾ ಓಡಿ ಹೋಗಿ ಬಸ್ಸು ಹಿಡಿದಳು.

ಈಗ ರಿಲೀವರನ್ನು ತರುವ ಕೆಲಸ. ಹೊಸ ಟೀಚರ್ ವಿನಯಾ ಹೊಸನಗರದ ಕಡೆಯ ಹುಡುಗಿ, ಈಚೆಗೆ ಮದುವೆಯಾಗಿ ಕಾರ್ಗಲ್ಲಿಗೆ ಬಂದವಳು, ಸದ್ಯ ತವರಿನಲ್ಲಿದ್ದಳು. ಅವಳ ಆದೇಶದಲ್ಲಿ ಕೆಲಸಕ್ಕೆ ಹಾಜರಾಗುವ ದಿನ ಮಾರ್ಚ್ ಎರಡು, ಸೋಮವಾರ. ಪುಷ್ಪಮ್ಮ ಹೋಗುವುದು ಫೆಬ್ರವರಿ ಇಪ್ಪತ್ತೆಂಟು. ಕಾಗದದ ಪ್ರಕಾರ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವ ಹಾಗೇ ಇರಲಿಲ್ಲ. ಕೀಲಿಕೈ, ತೂಕದ ಯಂತ್ರ, ಇಪ್ಪತ್ತು ತಟ್ಟೆ, ಹದಿನೆಂಟು ಲೋಟ, ಇವಕ್ಕೆಲ್ಲ ಚಾರ್ಜ್ ಪಟ್ಟಿ ಇತ್ತು. ಹದಿನಾರು ಮಕ್ಕಳಿಗೆ ಇರಲಿಲ್ಲ. ಪುಷ್ಪಮ್ಮ ಕಚೇರಿಯ ಉಸಾಬರಿಗೆ ಹೋಗದೆ ನೇರವಾಗಿ ವಿನಯಾಗೇ ಫೋನ್ ಹಚ್ಚಿದಳು.

"ನೋಡಮ್ಮಾ, ನೀನು ಎರಡನೇ ತಾರೀಕು ಬರೋದು ಸರಿ. ಆದ್ರೆ ಗುರುವಾರ ಸುಮ್ನೆ ನೆಂಟರ ಮನೆಗೆ ಬಂದಂಗೆ ಬರಕ್ಕಾಗ್ತದಾ? ಮೂರು ದಿನ. ಸಂಬಳ ಇಲ್ಲ, ಊಟ ಉಂಟು."

ವಿನಯಾ ಮೆಲ್ಲಗೆ ಹೇಳಿದಳು, "ಬರ್ತೀನಿ ಅಮ್ಮಾ. ನಿಜ ಹೇಳ್ತೀನಿ, ಒಬ್ಳೇ ಹೆಂಗೆ ಶುರು ಮಾಡೋದು ಅಂತ ನಂಗೆ ನಿದ್ದೇನೇ ಬರ್ತಿರ್ಲಿಲ್ಲ."

ಗುರುವಾರ ಅಂಗನವಾಡಿ ಪವರ್‌ಹೌಸಾಯಿತು. ಅಕ್ಕಿ ಡಬ್ಬ, ಬೇಳೆ ಡಬ್ಬ ಸಾಲಾಗಿ ಯಂತ್ರಗಳಾದವು. ಒಂದೊಂದು ಯಂತ್ರಕ್ಕೂ ಒಂದೊಂದು ಮಗು ಗುಂಯ್ ಎಂದು ಸದ್ದು ಕೊಡಬೇಕು. ಟೀಚರ್ ಕುರ್ಚಿಯೇ ಕಂಟ್ರೋಲ್ ರೂಮು. ಅಪ್ಪನ ಹಳದಿ ಹೆಲ್ಮೆಟ್ ಕಣ್ಣಿನ ತನಕ ಇಳಿಸಿಕೊಂಡು ಅಪೂರ್ವಾ ಬಾಗಿಲಲ್ಲಿ ನಿಂತಿದ್ದಳು. ಚೂಡಿದಾರ ತೊಟ್ಟ ವಿನಯಾ ಹೆದರುತ್ತ ಒಳಗೆ ಬಂದಳು.

"ಯಾರು?" ಹೆಲ್ಮೆಟ್ ಕೇಳಿತು.

"ರಿಲೀವರ್" ಎಂದಳು ವಿನಯಾ. ಪುಷ್ಪಮ್ಮ ಫೋನಿನಲ್ಲೇ ಪಾಠ ಮಾಡಿದ್ದಳು.

"ರೌಂಡ್ಸ್ ಮಾಡ್ಬೇಕು ಬನ್ನಿ."

ಮೂರು ದಿನ ರೌಂಡ್ಸು ನಡೆಯಿತು. ನೂರು ಪುಟದ ನೋಟ್‌ಬುಕ್ಕಿನಲ್ಲಿ ಪುಷ್ಪಮ್ಮ ಒಂದೊಂದು ಮಗುವಿಗೆ ಒಂದೊಂದು ಪುಟ ಬರೆದು ಜೋರಾಗಿ ಓದುವಳು. ದೀಪಕ್: ಉಚ್ಚೆ ಬಂದರೆ ಹೇಳುವುದಿಲ್ಲ, ಒಂದೇ ಕಾಲಲ್ಲಿ ನಿಲ್ಲುತ್ತಾನೆ. ಅರಿಹಂತ್: ಬೀಳುತ್ತಾನೆ, ಓಡಿ ಹೋಗಿ ಎತ್ತಬಾರದು, ಎತ್ತಿದರೆ ಅಳುತ್ತಾನೆ. ಹರ್ಷವರ್ಧನ: ಹೆಸರು ಆಳುದ್ದ, ಹುಡುಗ ಗೇಣುದ್ದ, ಪೂರ್ತಿ ಹೆಸರು ಕರೆದರೆ ಮಾತ್ರ ತಿರುಗಿ ನೋಡುತ್ತಾನೆ. ವಿನಯಾ ಮತ್ತೆ ಒಪ್ಪಿಸಬೇಕು. ತಪ್ಪಿದರೆ ಹೆಲ್ಮೆಟ್ ಅಲ್ಲಾಡುತ್ತಿತ್ತು, "ಇಲ್ಲ. ಇನ್ನೊಂದ್ ಸಲ." ತಮ್ಮ ಪುಟ ಓದುವಾಗ ಮಕ್ಕಳು ಯಂತ್ರದ ಸದ್ದು ನಿಲ್ಲಿಸಿ ಹೆಮ್ಮೆಯಿಂದ ಕೇಳುತ್ತಿದ್ದವು. ಎರಡನೇ ದಿನದ ಹೊತ್ತಿಗೆ ವಿನಯಾ ಹೆದರಿಕೆ ಮರೆತು, ದೀಪಕ್ ಒಂದೇ ಕಾಲಲ್ಲಿ ನಿಂತದ್ದನ್ನು ಪುಷ್ಪಮ್ಮನಿಗಿಂತ ಮೊದಲು ಕಂಡು, ಎತ್ತಿಕೊಂಡು ಓಡಿದ್ದಳು. ಹುಡುಗಿ ಪರವಾಗಿಲ್ಲ ಎಂದು ಪುಷ್ಪಮ್ಮನಿಗೆ ಅನ್ನಿಸಿದ್ದು ಆಗಲೇ. ಜೊತೆಗೆ ಸಣ್ಣದೊಂದು ಹೊಟ್ಟೆಕಿಚ್ಚೂ ಆಯಿತು, ಅದನ್ನು ಯಾಕೆ ಮುಚ್ಚಿಡಬೇಕು.

ಶನಿವಾರ ಮಧ್ಯಾಹ್ನ ಕೊನೆಯ ರೌಂಡ್ಸು. ಊರಿನವರು ಶಾಲು, ಹಣ್ಣಿನ ಬುಟ್ಟಿ ಹಿಡಿದು ಹೊರಗೆ ಕಾಯುತ್ತಿದ್ದರು. ಪುಷ್ಪಮ್ಮ ಹದಿನೈದನೇ ಪುಟ ಓದಿ ಮುಗಿಸಿ, ಪೆನ್ನನ್ನು ವಿನಯಾ ಕಡೆ ಚಾಚಿದಳು.

"ನಿಲ್ಸಿ" ಎಂದಳು ಅಪೂರ್ವಾ. ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದಿದ್ದಳು. "ನನ್ ಪೇಜ್ ಎಲ್ಲಿ?"

ಇರಲಿಲ್ಲ. ದಿನಾ ರಾತ್ರಿ ಉಂಡಾದ ಮೇಲೆ ಪುಷ್ಪಮ್ಮ ಆ ಪುಟ ತೆರೆದು, ಹೆಸರು ಬರೆಯಲು ಹೋಗಿ, ಕೈ ಓಡದೆ ಮುಚ್ಚಿಡುತ್ತಿದ್ದಳು. ಬರೆದುಕೊಟ್ಟರೆ ಮಗು ತನ್ನ ಕೈ ತಪ್ಪಿತು ಎಂದೇ ಲೆಕ್ಕ. ಬಾಗಿಲಿಗೆ ಚಿಲಕ ಹಾಕಿ ಕೂತವಳು ಅಪೂರ್ವಾ ಒಬ್ಬಳೇ ಅಲ್ಲ ಎಂದು ಅವಳಿಗೆ ಆಗ ತಿಳಿಯಿತು. ಎಲ್ಲರ ಎದುರಿಗೇ ಕುರ್ಚಿಯಲ್ಲೇ ಕೂತು ಬರೆದಳು, ಬರೆಯುತ್ತ ಓದಿದಳು.

"ಅಪೂರ್ವಾ. ಮೊಟ್ಟೆ ಕೊಡೋ ದಿನ ಇವಳಿಗೆ ಮೊಟ್ಟೆ ಇಲ್ಲ, ಬಾಳೆಹಣ್ಣು. ಪ್ರಶ್ನೆ ಕೇಳಿದ್ರೆ ಸುಳ್ಳು ಹೇಳ್ಬಾರ್ದು, ಗೊತ್ತಿಲ್ಲ ಅಂದ್ರೆ ಬೇಜಾರಿಲ್ಲ. ಮಲಗೋವಾಗ..." ಪೆನ್ನು ಅಲ್ಲೇ ನಿಂತಿತು.

"ಸೆರಗು" ಎಂದು ಅಪೂರ್ವಾ ನೆನಪು ಮಾಡಿದಳು.

"ಮಲಗೋವಾಗ ಸೆರಗು ಹಿಡ್ಕೊಳ್ತಾಳೆ. ಬಿಡಿಸ್ಬಾರ್ದು. ನಿದ್ದೆ ಬಂದ್ಮೇಲೆ ತಾನೇ ಬಿಡ್ತಾಳೆ."

ಎಲ್ಲರೂ ವಿನಯಾ ಕಡೆ ನೋಡಿದರು. ವಿನಯಾ ಅವತ್ತೂ ಚೂಡಿದಾರದಲ್ಲೇ ಇದ್ದಳು, ಹಿಡಿಯಲು ಸೆರಗೇ ಇರಲಿಲ್ಲ. ಅವಳು ಒಂದು ಕ್ಷಣ ಗಾಬರಿಯಾಗಿ, ಆಮೇಲೆ ಕತ್ತಿನಿಂದ ವೇಲನ್ನು ತೆಗೆದು ಅದರ ತುದಿಯನ್ನು ಅಪೂರ್ವಾ ಮುಂದೆ ಹಿಡಿದಳು. "ನಂದು ಇದು. ಆಗ್ತದಾ ನೋಡು."

ಅಪೂರ್ವಾ ವೇಲಿನ ತುದಿಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಮುಷ್ಟಿ ಕಟ್ಟಿ ನೋಡಿದಳು. ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ನೋಡಿದಳು. ಹದಿನೈದು ಯಂತ್ರಗಳೂ ಉಸಿರು ಬಿಗಿ ಹಿಡಿದಿದ್ದವು.

"ಆಗ್ತದೆ" ಎಂದಳು. "ಸೈನ್ ಹಾಕಿ."

ವಿನಯಾ ಸೈನು ಹಾಕಿದಳು. ಪುಷ್ಪಮ್ಮ ಹಾಕಿದಳು. ಅಪೂರ್ವಾ ಒಂದು ಸೊನ್ನೆ ಬರೆದಳು. ಕುರ್ಚಿಯಿಂದ ಪುಷ್ಪಮ್ಮ ಪೂರ್ತಿ ಏಳುವ ಮುಂಚೆ ವಿನಯಾಳನ್ನು ಪಕ್ಕದಲ್ಲಿ ಅರ್ಧ ಕೂರಿಸಿದರು, ಕುರ್ಚಿ ಒಂದು ಕ್ಷಣವೂ ಖಾಲಿ ಬೀಳಬಾರದಲ್ಲ. ಆಮೇಲೆ ಅಪೂರ್ವಾ ಬಾಗಿಲಿಗೆ ಹೋಗಿ ಚಿಲಕ ತೆಗೆದು ದೊಡ್ಡದಾಗಿ ತೆರೆದು ಹೇಳಿದಳು, "ನೀವಿನ್ನು ಹೊರಡಿ." ಅತ್ತದ್ದು ಬೆಳ್ಳಮ್ಮ. ಮಾತಿಲ್ಲದ ಪಾತ್ರದವಳು ಅವತ್ತು ಇಂಜೆಕ್ಷನ್ ದಿನಕ್ಕಿಂತ ಜೋರಾಗಿ ಅತ್ತಳು.

ಆದರೆ ಆಟ ಆಟವೇ. ನಿಜದ ಪರೀಕ್ಷೆ ಸೋಮವಾರದ್ದು. ಭಾನುವಾರ ಪೂರ್ತಿ ಪುಷ್ಪಮ್ಮ ಮನೆಯಲ್ಲಿ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡಿದಳು. ಸೋಮವಾರ ಒಂಬತ್ತಕ್ಕೆ ಅಭ್ಯಾಸಬಲದಿಂದ ಸೀರೆ ಉಟ್ಟು, "ಹಾಲು ತರ್ತೀನಿ" ಎಂದು ಗಂಡನಿಗೆ ಸುಳ್ಳು ಹೇಳಿ ಹೊರಟಳು. ಹಾಲು ಬೆಳಿಗ್ಗೆಯೇ ಬಂದಿತ್ತು. ಮಂಜುನಾಥಪ್ಪ ತಿಳಿದೂ ಸುಮ್ಮನಿದ್ದ. ದಾರಿಯಲ್ಲಿ ಸಾಗರದ ಬಸ್ಸು ಎದುರಾಯಿತು. ಕಿಟಕಿಯಲ್ಲಿ ಪದ್ಮಲತಾ ಇದ್ದಳು, ಕೈ ಬೀಸಿದಳು. ಅಷ್ಟಕ್ಕೇ ಪುಷ್ಪಮ್ಮನ ಎದೆಯ ಭಾರ ಅರ್ಧ ಇಳಿಯಿತು.

ಹತ್ತು ಗಂಟೆಗೆ ಅವಳು ಅಂಗನವಾಡಿಯ ಕಾಂಪೌಂಡಿನ ಹೊರಗೆ, ದಾಸವಾಳದ ಗಿಡದ ಮರೆಯಲ್ಲಿ ನಿಂತಿದ್ದಳು. ಅಳು ಕೇಳುತ್ತದೋ ಎಂದು ಕಿವಿಗೊಟ್ಟಳು. ಹಾಡು ಕೇಳಿತು. ಇನ್ನೂ ಸ್ವಲ್ಪ ಬಗ್ಗಿದಳು. ಕಿಟಕಿಯ ಸರಳಿನ ಹಿಂದೆ ಅಪೂರ್ವಾ ಕಂಡಳು. ಒಂದು ಕೈಯಲ್ಲಿ ವಿನಯಾಳ ವೇಲು. ಇನ್ನೊಂದು ಕೈ ಪುಷ್ಪಮ್ಮನ ಕಡೆಯೇ ಬೆರಳು ತೋರಿಸುತ್ತಿತ್ತು.

"ಟೀಚರ್! ಅಲ್ಯಾಕೆ ನಿಂತಿದೀರಿ?"

ಸಿಕ್ಕಿಬಿದ್ದ ಪುಷ್ಪಮ್ಮ ಗಿಡದ ಮರೆಯಿಂದ ಈಚೆ ಬಂದಳು. "ಸುಮ್ನೆ ಪುಟ್ಟಿ. ಎಲ್ಲಾ ಹೆಂಗಿದೆ ಅಂತ ನೋಡಕ್ಕೆ."

"ಎಲ್ಲಾ ನಾರ್ಮಲ್" ಎಂದಳು ಅಪೂರ್ವಾ. ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪನಿಗೆ ಅಮ್ಮ ಹೇಳುವ ಮಾತನ್ನೇ, ಅದೇ ಧ್ವನಿಯಲ್ಲಿ ಸೇರಿಸಿದಳು. "ನಿಮ್ ಡ್ಯೂಟಿ ಮುಗೀತಲ್ಲ. ಮನೇಗ್ ಹೋಗಿ ಮಲ್ಕೊಳಿ."

ಪುಷ್ಪಮ್ಮ ನಕ್ಕಳು. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ಮನೆಗೆ ಬಂದಾಗ ಮಂಜುನಾಥಪ್ಪ ಜಗುಲಿಯಲ್ಲಿ ಪೇಪರ್ ಓದುತ್ತಿದ್ದ. "ಹಾಲೆಲ್ಲಿ?" ಎಂದು ಕೇಳಲಿಲ್ಲ. "ರಿಲೀವರ್ ಬಂದ್ರಾ?" ಎಂದ.

"ಬಂದ್ರು" ಎಂದಳು ಪುಷ್ಪಮ್ಮ. ಒಳಗೆ ಹೋಗಿ ಚಾಪೆ ಹಾಸಿ ಮಲಗಿದಳು. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ, ಹಾಡಹಗಲು ಹನ್ನೊಂದು ಗಂಟೆಗೆ, ಅವಳಿಗೆ ಗಾಢವಾದ ನಿದ್ದೆ ಬಂತು.